ನಮ್ಮೂರು ನಮ್ಮದು, ನಮ್ಮ ಮಾತು ನಮ್ಮದು. ನಮ್ಮ ಮೇಲಿನ ಚಿತ್ರ ಮಾತ್ರ ಯಾರದ್ದೋ!



ಈ ಥರದ ಚಿತ್ರ ನೀವೂ ನೋಡಿರ್ತೀರಿ. ಎಂಟೋ ಹತ್ತೋ ನಿಮಿಷದ್ದು. ಮೊದಲು ಡ್ರೋನಿಂದ ತೆಗೆದ ಗುಡ್ಡ, ತೋಟ, ಹೊಲ. ಆಮೇಲೆ ಒಬ್ಬ ಅಜ್ಜಿಯ ಮುಖ, ತೀರಾ ಹತ್ತಿರದಿಂದ. ಹಿಂದೆ ಕೊಳಲು. ಅಜ್ಜಿ ಬಾಯಿ ತೆರೀತಾರೆ, ಎರಡು ಮಾತು ಕನ್ನಡ ಕೇಳಿಸುತ್ತೆ. ಅಷ್ಟರಲ್ಲಿ ಅವರ ದನಿ ತಗ್ಗಿಸಿ, ಅದರ ಮೇಲೆ ಇನ್ಯಾರದೋ ಗಂಭೀರ ದನಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಅಜ್ಜಿಯ ಕಷ್ಟ ವಿವರಿಸೋಕೆ ಶುರು ಮಾಡುತ್ತೆ. ಕೊನೆಗೆ ಸಂಸ್ಥೆಯ ಲೋಗೋ, ಹಣ ಕೊಟ್ಟ ಕಂಪನಿಯ ಲೋಗೋ, ಧನ್ಯವಾದ. ಮುಗೀತು.

ಈಗ ಕೇಳಿ. ಆ ಅಜ್ಜಿ ಆ ಚಿತ್ರ ನೋಡಿದ್ರಾ? ಊರಿನವರು ನೋಡಿದ್ರಾ? ಆ ಚಿತ್ರದಿಂದ ಊರಿನ ಶಾಲೆಗೆ ಕನ್ನಡ ಬಲ್ಲ ಒಬ್ಬ ಮೇಷ್ಟ್ರು ಬಂದ್ರಾ? ಬಹುತೇಕ ಕಡೆ ಮೂರಕ್ಕೂ ಉತ್ತರ ಒಂದೇ: ಇಲ್ಲ.

ನಮ್ಮ ಮಾತು ನೇರವಾದದ್ದು. ಸ್ವಯಂಸೇವಾ ಸಂಸ್ಥೆಗಳಿಗಾಗಲಿ, ನಮ್ಮದೇ ಸಂಘಗಳಿಗಾಗಲಿ, ನಮ್ಮ ಹೆಸರಲ್ಲಿ ನಮ್ಮೂರಲ್ಲಿ ತೆಗೆಯೋ ಕಿರು ಸಾಕ್ಷ್ಯಚಿತ್ರ ನಮ್ಮ ಮಾತಲ್ಲಿ ಇರಬೇಕು. ಅದರ ಮೂಲ ದೃಶ್ಯಗಳ ಪ್ರತಿ ನಮ್ಮ ಕೈಯಲ್ಲಿ ಇರಬೇಕು. ಅದು ಯಾವುದಾದರೂ ಒಂದು ಕೆಲಸಕ್ಕೆ ಬರಬೇಕು. ಈ ಮೂರಕ್ಕೂ ಒಪ್ಪದವರಿಗೆ ನಮ್ಮ ಅಂಗಳ ಬಿಟ್ಟುಕೊಡೋ ಅಗತ್ಯ ಇಲ್ಲ.

ಇಂಥ ಚಿತ್ರಗಳು ಯಾಕೆ ಇಷ್ಟು ಹೆಚ್ಚಾದವು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಹಾಕಬೇಕು. 2014ರ ಏಪ್ರಿಲಿಂದ ಇದು ಜಾರಿಯಲ್ಲಿದೆ. ಹಣ ಕೊಟ್ಟವರು "ಏನು ಮಾಡಿದ್ರಿ, ತೋರಿಸಿ" ಅಂತಾರೆ. ವರದಿ ಓದೋಕೆ ಯಾರಿಗೂ ಪುರುಸೊತ್ತಿಲ್ಲ, ಹಾಗಾಗಿ ಚಿತ್ರ. ಇದರಲ್ಲಿ ತಪ್ಪೇನೂ ಇಲ್ಲ. ಕೆಲಸ ಮಾಡೋ ಸಂಸ್ಥೆಗೆ ಹಣ ಬೇಕು, ಚಿತ್ರ ತೆಗೆಯೋ ಹುಡುಗರಿಗೂ ಹೊಟ್ಟೆಪಾಡು ಇದೆ. ತಪ್ಪಿರೋದು ಬೇರೆ ಕಡೆ. ಚಿತ್ರ ಯಾರಿಗೆ ಲೆಕ್ಕ ಒಪ್ಪಿಸಬೇಕು ಅನ್ನೋದು ಹಣ ಕೊಟ್ಟವರ ಕೋಣೆಯಲ್ಲೇ ತೀರ್ಮಾನ ಆಗಿಬಿಡುತ್ತೆ. ಮುಖ ಕೊಟ್ಟವರು ಆ ಲೆಕ್ಕದಲ್ಲೇ ಬರಲ್ಲ.

ಹಾಗಂತ ಕ್ಯಾಮೆರಾ ಬೇಡ ಅನ್ನೋದು ನಮ್ಮ ವಾದ ಅಲ್ಲ. ಕ್ಯಾಮೆರಾದ ಬೆಲೆ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಕನ್ನಡ, ತುಳು, ಮಲಯಾಳ, ಮರಾಠಿ ಎಲ್ಲ ಕಲೆತ ಊರು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದರ ಬಗ್ಗೆ ಮೊದಮೊದಲು ಬರೆದವರಲ್ಲಿ ಆ ಊರಿನವರೇ ಆದ ಕೃಷಿಕ-ಪತ್ರಕರ್ತ ಶ್ರೀಪಡ್ರೆ ಒಬ್ಬರು. ಆಮೇಲೆ ಫೋಟೋಗಳು ಬಂದವು, ಸಾಕ್ಷ್ಯಚಿತ್ರಗಳು ಬಂದವು. ಕೆ.ಆರ್. ಮನೋಜ್ ಅವರ 'ಎ ಪೆಸ್ಟರಿಂಗ್ ಜರ್ನಿ' 2010ರಲ್ಲಿ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನ ದೇಶದಾದ್ಯಂತ ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂತ ಆದೇಶ ಮಾಡಿತು. ಇದೆಲ್ಲ ಚಿತ್ರಗಳಿಂದಲೇ ಆಯ್ತು ಅಂತ ನಾವು ಹೇಳಲ್ಲ. ಜನ ಹೋರಾಡಿದರು, ವೈದ್ಯರು ದಾಖಲೆ ಇಟ್ಟರು, ವಕೀಲರು ವಾದಿಸಿದರು. ಆದರೆ ಕಣ್ಣಾರೆ ಕಂಡದ್ದನ್ನ ದೇಶಕ್ಕೆ ಕಾಣಿಸಿದ್ದು ಕ್ಯಾಮೆರಾ. ಒಳ್ಳೆ ಚಿತ್ರ ಹೋರಾಟದ ಒಂದು ಕೈ ಆಗಬಲ್ಲದು. ಅದಕ್ಕೇ ಅದು ಯಾರ ಕೈ ಅಂತ ನಾವು ಕೇಳ್ತಿರೋದು.

ಮೊದಲು ಭಾಷೆಯ ವಿಷಯ. ಭಾಷಾ ಅಲ್ಪಸಂಖ್ಯಾತರ ಬಗ್ಗೆ ಚಿತ್ರ ಮಾಡಿ, ಅವರ ಭಾಷೆಯನ್ನೇ ಅಳಿಸಿಹಾಕೋದು ಎಂಥ ನ್ಯಾಯ? ಅಜ್ಜಿಯ ಕನ್ನಡದ ಮೇಲೆ ಬೇರೆ ದನಿ ಕೂರಿಸಿದಾಗ ಹೋಗೋದು ಬರೀ ಸದ್ದಲ್ಲ, ಸಾಕ್ಷಿ. "ಈ ಊರಲ್ಲಿ ಕನ್ನಡ ಇದೆ" ಅನ್ನೋದಕ್ಕೆ ಅವರ ನಾಲಿಗೆಗಿಂತ ದೊಡ್ಡ ಪುರಾವೆ ಯಾವುದು? ಅದನ್ನ ತಗ್ಗಿಸಿ ಬರೀ ಮುಖ ಇಟ್ಟುಕೊಂಡರೆ ಆ ಅಜ್ಜಿ ಯಾವ ಊರಿನ ಅಜ್ಜಿ ಬೇಕಾದ್ರೂ ಆಗಬಹುದು.

ಇದರಲ್ಲಿ ಆಚೆಯವರನ್ನ ಮಾತ್ರ ದೂರೋದು ಸರಿಯಲ್ಲ. ಬೆಂಗಳೂರಿಂದ "ಗಡಿನಾಡ ಕನ್ನಡಿಗರ ಅಳಲು" ಅಂತ ಚಿತ್ರ ಮಾಡೋಕೆ ಬರೋ ನಮ್ಮವರ ಕಥೆಯೂ ಸ್ವಲ್ಪ ಹೀಗೇ. ಅಕ್ಕಲಕೋಟೆಯ ರೈತ ಮರಾಠಿ ಪದ ಬೆರೆಸಿ ಮಾತಾಡಿದ್ರೆ "ಕಟ್, ಸ್ವಲ್ಪ ಶುದ್ಧ ಕನ್ನಡದಲ್ಲಿ ಹೇಳಿ ಅಣ್ಣಾ." ಮಂಜೇಶ್ವರದ ಹೆಂಗಸು ತುಳು ಬೆರೆಸಿದ್ರೆ ಆ ವಾಕ್ಯ ಎಡಿಟಿಂಗಿನಲ್ಲಿ ಮಾಯ. ಮಡಕಶಿರಾದವರ ಕನ್ನಡದಲ್ಲಿ ತೆಲುಗಿನ ಒತ್ತು ಕೇಳಿಸಿದ್ರೆ ಮುಖ ಸಿಂಡರಿಸ್ತಾರೆ. ಸ್ವಾಮಿ, 1956ರ ನವೆಂಬರ್ 1ರಂದು ಗೆರೆ ಎಳೆದು ನಮ್ಮನ್ನ ಆಚೆ ಬಿಟ್ಟದ್ದು ನಾವಲ್ಲ. ಅಂದಿನಿಂದ ಆಫೀಸು, ಸಂತೆ, ಬಸ್ಸು, ಆಸ್ಪತ್ರೆ ಎಲ್ಲ ಬೇರೆ ಭಾಷೆಯಲ್ಲಿ ನಡೆದಿದೆ. ಅಷ್ಟಾದರೂ ಉಳಿದ ಕನ್ನಡ ಇದು. ಈ ಬೆರಕೆಯೇ ನಮ್ಮ ಇತಿಹಾಸ. ಅದನ್ನ ತೊಳೆದು ತೋರಿಸೋ ಚಿತ್ರ ನಮ್ಮದಲ್ಲ.

ಮಾಡಬೇಕಾದ್ದು ಸುಲಭ. ನಮ್ಮವರ ಮಾತಿನ ಮೇಲೆ ಯಾವ ದನಿಯನ್ನೂ ಕೂರಿಸಬೇಡಿ, ಕೆಳಗೆ ಸಬ್‌ಟೈಟಲ್ ಹಾಕಿ. ಒಂದಲ್ಲ, ಮೂರು: ಕನ್ನಡ, ಆಯಾ ರಾಜ್ಯದ ಭಾಷೆ, ಇಂಗ್ಲಿಷ್. ರಾಜ್ಯದ ಭಾಷೆ ಯಾಕೆ ಅಂದ್ರೆ, ತಿರುವನಂತಪುರದ ಅಧಿಕಾರಿ ಮಲಯಾಳದಲ್ಲಿ ಓದ್ತಾರೆ, ಸೊಲ್ಲಾಪುರದ ಅಧಿಕಾರಿ ಮರಾಠಿಯಲ್ಲಿ. ನಮ್ಮ ಜಗಳ ಆ ಭಾಷೆಗಳ ಜೊತೆ ಅಲ್ಲ. ಕನ್ನಡ ಸಬ್‌ಟೈಟಲ್ ಯಾಕೆ ಅಂದ್ರೆ, ತಾಳವಾಡಿಯ ಮಾತು ಜತ್ತಿನವರಿಗೆ ಪೂರ್ತಿ ತಿಳಿಯಲ್ಲ, ಜತ್ತಿನದು ವಯನಾಡಿನವರಿಗೆ ತಿಳಿಯಲ್ಲ. ನಮ್ಮ ನಮ್ಮಲ್ಲೇ ಪರಿಚಯ ಆಗಬೇಕಲ್ಲ.

ಎರಡನೆಯದು, ಚಿತ್ರ ಯಾವ ಕೆಲಸಕ್ಕೆ ಅನ್ನೋದು. 2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರೋ ನಮ್ಮ ದಿನನಿತ್ಯದ ಪಾಡು ನಗಿಸುತ್ತಲೇ ಕರ್ನಾಟಕದ ಮನೆಮನೆಗೆ ಗೊತ್ತಾಯ್ತು. ಆ ಉಪಕಾರ ನಾವು ಮರೆಯಲ್ಲ. ಆದರೆ ಅದು ಕಥೆ. ಅಧಿಕಾರಿಯ ಮೇಜಿನ ಮೇಲೆ ಕಥೆ ಇಟ್ಟರೆ "ಸಿನಿಮಾ ಚೆನ್ನಾಗಿದೆ" ಅಂತಾರೆ, ಅಷ್ಟೇ. ಅಲ್ಲಿ ಬೇಕಿರೋದು ಇಂಥ ಶಾಲೆ, ಇಂಥ ತರಗತಿ, ಇಂಥ ದಿನಾಂಕ, ಇಷ್ಟು ಮಕ್ಕಳು, ಈ ವಿಷಯಕ್ಕೆ ಮೇಷ್ಟ್ರಿಲ್ಲ ಅನ್ನೋ ದಾಖಲೆ. ಆ ಕೆಲಸ ಸಾಕ್ಷ್ಯಚಿತ್ರದ್ದು. ಹೆಸರಲ್ಲೇ ಸಾಕ್ಷ್ಯ ಇದೆ.

ಟಿವಿಯವರು ಆ ಕೆಲಸ ಮಾಡಲ್ವಾ ಅಂತ ಕೇಳಬಹುದು. 2022ರ ಕೊನೆಯಲ್ಲಿ ಜತ್ ತಾಲ್ಲೂಕಿನ ಹಳ್ಳಿಗಳು ನೀರಿನ ಸಿಟ್ಟಿಗೆ "ಕರ್ನಾಟಕಕ್ಕೆ ಸೇರ್ತೇವೆ" ಅಂದದ್ದು ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿ ಆಯ್ತು. ಮುಖ್ಯಮಂತ್ರಿಗಳು ಮಾತಾಡಿದರು, ಚಾನೆಲ್ಲುಗಳು ಕೂಗಾಡಿದವು. ಸುದ್ದಿಗೆ ಬೇಕಿದ್ದದ್ದು ಆ ಒಂದು ವಾಕ್ಯ. ಒಣಗಿದ ಕೆರೆ, ಟ್ಯಾಂಕರ್ ಕಾಯೋ ಸಾಲು, ಮರಾಠಿ ಅರ್ಜಿ ತುಂಬಲಾಗದೆ ಒದ್ದಾಡೋ ಮುದುಕರು, ಇದೆಲ್ಲ ದಾಖಲಾಗಬೇಕಾದ್ರೆ ಅಲ್ಲೇ ಇರೋರು, ವರ್ಷವಿಡೀ ಇರೋರು ಕ್ಯಾಮೆರಾ ಹಿಡೀಬೇಕು.

ಹಿಡಿಯೋಕಾಗುತ್ತಾ? ಆಗುತ್ತೆ. ಅದಕ್ಕೆ ಉದಾಹರಣೆ ನಮ್ಮ ಗಡಿ ಪಕ್ಕದಲ್ಲೇ ಇದೆ. ಬೀದರಿನ ಆಚೆ, ತೆಲಂಗಾಣದ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ ಇದೆ. ಅದನ್ನ ಕಟ್ಟಿದವರಲ್ಲಿ ಪ್ರಮುಖರು ಪಿ.ವಿ. ಸತೀಶ್. ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ, ದೂರದರ್ಶನದಲ್ಲಿ ಕೆಲಸ ಮಾಡಿದವರು, 2023ರಲ್ಲಿ ತೀರಿಕೊಂಡರು. ಅಲ್ಲಿನ ದಲಿತ ಹೆಂಗಸರು, ಹೊಲದಲ್ಲಿ ದುಡಿಯೋರು, ಎಷ್ಟೋ ಜನ ಶಾಲೆಯ ಮುಖ ನೋಡದವರು, ವಿಡಿಯೋ ಕ್ಯಾಮೆರಾ ಕಲಿತರು. 2001ರಲ್ಲಿ ತಮ್ಮದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಮಾಡಿಕೊಂಡರು. 2008ರಲ್ಲಿ ಅಲ್ಲೇ ಮಾಚನೂರಿನಲ್ಲಿ ಸಂಘಂ ರೇಡಿಯೋವೂ ಶುರುವಾಯ್ತು.

ಆ ಹೆಂಗಸರು ಶಾಟುಗಳಿಗೆ ಇಟ್ಟ ಹೆಸರು ಕೇಳಿ. ಮೇಲಿಂದ ಕೆಳಕ್ಕೆ ನೋಡೋದು ಪಟೇಲ್ ಶಾಟ್, ಯಾಕಂದ್ರೆ ಊರ ಪಟೇಲ ಜನರನ್ನ ನೋಡೋದು ಹಾಗೆ. ಕಣ್ಣಿನ ಸಮಕ್ಕೆ ಇಟ್ಟು ನೋಡೋದು ಸಂಘಂ ಶಾಟ್, ಯಾಕಂದ್ರೆ ಸಂಘದಲ್ಲಿ ಎಲ್ಲರೂ ಸಮ. ಎಷ್ಟೋ ಸಿನಿಮಾ ಶಾಲೆಗಳ ಪಾಠಕ್ಕಿಂತ ಇದು ದೊಡ್ಡದು. ನಮ್ಮೂರಿಗೆ ಬಂದ ಚಿತ್ರಗಳನ್ನ ಇನ್ನೊಮ್ಮೆ ನೋಡಿ, ಎಷ್ಟು ಪಟೇಲ್ ಶಾಟ್ ಇವೆ ಅಂತ ಲೆಕ್ಕ ಹಾಕಿ.

ಅವರ ಕೆಲಸದ ಕ್ರಮವನ್ನೂ ಗಮನಿಸಿ. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಆ ಮೊದಲ ಹಂಗಾಮಿನಲ್ಲೇ ಇವರು ವಾರಂಗಲ್ ರೈತರ ಹೊಲಗಳಿಗೆ ಮತ್ತೆ ಮತ್ತೆ ಹೋದರು. ಬಿತ್ತಿದಾಗ ಏನಂದರು, ಹುಳ ಬಿದ್ದಾಗ ಏನಂದರು, ಹತ್ತಿ ಬಿಡಿಸಿದಾಗ ಏನಂದರು, ಎಲ್ಲ ಹಿಡಿದರು. 2003ರಲ್ಲಿ ಚಿತ್ರ ಬಂತು, ಬೇರೆ ದೇಶಗಳಿಗೂ ಹೋಯ್ತು. ಒಂದು ದಿನ ವ್ಯಾನಿನಲ್ಲಿ ಬಂದು ಸಂಜೆ ಹೊರಟವರಿಗೆ ಅದು ಸಾಧ್ಯವಿತ್ತಾ? ಇದು ಹೊಸದೂ ಅಲ್ಲ. ಅಹಮದಾಬಾದಿನ ಸೇವಾ ಸಂಘಟನೆಯ ಹೆಂಗಸರು 1984ರಲ್ಲೇ ವಿಡಿಯೋ ತಂಡ ಕಟ್ಟಿಕೊಂಡಿದ್ದರು, ಅವರಲ್ಲೂ ಓದು ಬರಹ ಬಾರದವರಿದ್ದರು. ಇವತ್ತು ನಮ್ಮ ಹುಡುಗ ಹುಡುಗಿಯರ ಜೇಬಲ್ಲಿರೋ ಫೋನು ಅಂದಿನ ಕ್ಯಾಮೆರಾಗಿಂತ ಚೆನ್ನಾಗಿದೆ. "ನಮ್ಮವರಿಗೆ ಗುಣಮಟ್ಟ ಬರಲ್ಲ" ಅನ್ನೋದು ನೆಪ. ಚಿತ್ರ ಸ್ವಲ್ಪ ಅಲುಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸದಿದ್ರೆ ನೋಡಲ್ಲ. ಡ್ರೋನ್ ಬಾಡಿಗೆಯ ದುಡ್ಡಲ್ಲಿ ಒಂದು ಒಳ್ಳೆ ಕಾಲರ್ ಮೈಕ್ ತಗೊಳ್ಳಿ, ಫ್ಯಾನು ಆರಿಸಿ, ಕಿಟಕಿ ಬೆಳಕಲ್ಲಿ ಕೂರಿಸಿ ಮಾತಾಡಿಸಿ. ಶುರುವಿಗೆ ಅಷ್ಟು ಸಾಕು.

ಈಗ ನಮ್ಮ ಸಂಘಗಳ ಪದಾಧಿಕಾರಿಗಳಿಗೆ ಎರಡು ಮಾತು. ಬೇಜಾರು ಮಾಡ್ಕೋಬೇಡಿ. ಸಂಘದ ಬೆಳ್ಳಿಹಬ್ಬಕ್ಕೆ ಮಾಡಿಸೋ "ಸಾಕ್ಷ್ಯಚಿತ್ರ"ದಲ್ಲಿ ಏನಿರುತ್ತೆ? ಅಧ್ಯಕ್ಷರು ದೀಪ ಹಚ್ಚೋದು, ಕಾರ್ಯದರ್ಶಿ ಹಾರ ಹಾಕೋದು, ಶಾಸಕರ ಶುಭಾಶಯ, ಪೂರ್ಣಕುಂಭ, ಡೊಳ್ಳು, ಮತ್ತೆ ಅಧ್ಯಕ್ಷರು. ಇದನ್ನ ಮದುವೆ ವಿಡಿಯೋ ಅನ್ನಬಹುದು, ಸಾಕ್ಷ್ಯಚಿತ್ರ ಅನ್ನೋಕಾಗಲ್ಲ. ಅದೇ ಸಂಘ ಅದೇ ಊರಿನ ಕನ್ನಡ ಶಾಲೆಗಾಗಿ ಓಡಾಡಿದ ಫೈಲು ಬೀರುವಿನಲ್ಲಿ ಗೆದ್ದಲು ಹಿಡೀತಿದೆ. ಶಾಲೆ ಉಳಿಸಲು ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ಹಿರಿಯರು ಒಬ್ಬೊಬ್ಬರೇ ಹೋಗ್ತಿದ್ದಾರೆ, ಅವರ ದನಿ ಎಲ್ಲೂ ದಾಖಲಾಗಿಲ್ಲ. ಕಯ್ಯಾರ ಕಿಞ್ಞಣ್ಣ ರೈಯವರಂಥ ದೊಡ್ಡವರ ಹೆಸರು ಪುಸ್ತಕದಲ್ಲಿ ಉಳಿಯುತ್ತೆ. ಅವರ ಜೊತೆ ಮೆರವಣಿಗೆಯಲ್ಲಿ ನಡೆದ ನೂರಾರು ಜನರ ಮಾತನ್ನ ಉಳಿಸಬೇಕಾದವರು ನಾವೇ.

ಹಾಗಾದ್ರೆ ಎಂಥ ಚಿತ್ರ ಬೇಕು? ಒಂದು ಚಿತ್ರ, ಒಂದು ಬೇಡಿಕೆ. ಒಂದು ಉದಾಹರಣೆ ತಗೊಳ್ಳಿ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯ ಕೊಡಬೇಕು ಅನ್ನುತ್ತೆ. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದ ಅಳತೆಗೋಲು ಇದೆ: ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ರೆ ಅವರ ಭಾಷೆಯಲ್ಲಿ ಕಲಿಸೋ ವ್ಯವಸ್ಥೆ ಆಗಬೇಕು. ಹತ್ತು ಮತ್ತು ನಲವತ್ತು. ಈ ಎರಡು ಅಂಕೆ ಇಟ್ಟುಕೊಂಡು ನಿಮ್ಮೂರ ಶಾಲೆಯ ಹತ್ತು ನಿಮಿಷದ ಚಿತ್ರ ಮಾಡಿ. ಮಕ್ಕಳನ್ನ ಎಣಿಸಿ ತೋರಿಸಿ. ಗೋಡೆ ಮೇಲಿನ ವೇಳಾಪಟ್ಟಿ ತೋರಿಸಿ, ಖಾಲಿ ಕುರ್ಚಿ ತೋರಿಸಿ. ಜೂನಿನಲ್ಲಿ ತೆಗೆದದ್ದನ್ನೇ ಸೆಪ್ಟೆಂಬರಿನಲ್ಲಿ, ಜನವರಿಯಲ್ಲಿ ಮತ್ತೆ ತೆಗೆಯಿರಿ, ದಿನಾಂಕ ಹಾಕಿ. ಹೊಸೂರು, ತಾಳವಾಡಿಯವರು 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತರಗತಿಯೊಳಗೆ ಏನೇನು ಬದಲಾಯ್ತು ಅನ್ನೋದನ್ನ ಅಣ್ಣ-ತಂಗಿಯರ ಪುಸ್ತಕ ಪಕ್ಕಪಕ್ಕ ಇಟ್ಟು ತೋರಿಸಬಹುದು. ಅಳುವ ದೃಶ್ಯ ಬೇಕಿಲ್ಲ, ಕೊಳಲೂ ಬೇಕಿಲ್ಲ.

ಅದನ್ನ ಮೊದಲು ಊರಲ್ಲಿ ತೋರಿಸಿ. ಆಮೇಲೆ ಮನವಿ ಪತ್ರದ ಜೊತೆ ಜಿಲ್ಲಾಧಿಕಾರಿಗೆ ಕೊಡಿ, ಶಿಕ್ಷಣ ಇಲಾಖೆಗೆ ಕೊಡಿ. 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ಇದೆ, ಆ ವರದಿ ರಾಷ್ಟ್ರಪತಿಗೆ ಹೋಗಿ ಸಂಸತ್ತಿನ ಮುಂದೆ ಬರುತ್ತೆ; ಅವರಿಗೂ ಕಳಿಸಿ. "ಚಿತ್ರ ನೋಡಿ ಆದೇಶ ಕೊಡ್ತಾರಾ?" ಅಂದ್ರೆ, ಚಿತ್ರ ಒಂದರಿಂದಲೇ ಯಾರೂ ಕೊಡಲ್ಲ. ಆದರೆ "ಅಲ್ಲಿ ಮಕ್ಕಳೇ ಇಲ್ಲ" ಅನ್ನೋ ಉತ್ತರ ಬರೆಯೋ ಕೈ ಒಮ್ಮೆ ತಡೆಯುತ್ತೆ.

ಮೂರನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಮಾಡಿಸಿದ ಚಲನಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ರೆ, ಮಾಡಿಸಿದವರೇ ಮೊದಲ ಹಕ್ಕುದಾರರು. ಅಂದ್ರೆ ನಿಮ್ಮ ಸಂಘ ದುಡ್ಡು ಕೊಟ್ಟಿದ್ರೆ ಚಿತ್ರ ನಿಮ್ಮದು. ಆದರೆ ಸ್ಟುಡಿಯೋದವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದ್ರೆ ಕೈತಪ್ಪಬಹುದು. ಹೊರಗಿನ ಸಂಸ್ಥೆ ದುಡ್ಡು ಕೊಟ್ಟಿದ್ರೆ ಚಿತ್ರ ಅವರದು, ಮುಖ ಕೊಟ್ಟ ಮಾತ್ರಕ್ಕೆ ನಮಗೆ ಅದರಲ್ಲಿ ಪಾಲಿಲ್ಲ. ಹತ್ತು ನಿಮಿಷದ ಚಿತ್ರಕ್ಕೆ ಹತ್ತು ಗಂಟೆ ತೆಗೆದಿರ್ತಾರೆ. ಉಳಿದದ್ದರಲ್ಲಿ ನಮ್ಮ ಹಿರಿಯರ ಹಾಡಿದೆ, ಜಮೀನಿನ ಹೆಸರುಗಳಿವೆ, ಊರಿನ ಕಥೆ ಇದೆ. ಅದೆಲ್ಲ ಯಾವುದೋ ನಗರದ ಹಾರ್ಡ್ ಡಿಸ್ಕಿನಲ್ಲಿ ಸಾಯುತ್ತೆ. ಅದಕ್ಕೇ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಬೇಕು. ನಮ್ಮ ಐದು ಷರತ್ತು ಇವು:

1. ನಮ್ಮವರ ಮಾತು ನಮ್ಮವರ ದನಿಯಲ್ಲೇ ಇರಬೇಕು. ಮೇಲೆ ಬೇರೆ ದನಿ ಬೇಡ, ಸಬ್‌ಟೈಟಲ್ ಸಾಕು.

2. ತೆಗೆದ ಎಲ್ಲ ಮೂಲ ದೃಶ್ಯಗಳ ಒಂದು ಪ್ರತಿ ಊರಿನ ಸಂಘಕ್ಕೋ ಗ್ರಂಥಾಲಯಕ್ಕೋ ಕೊಡಬೇಕು, ಅದನ್ನ ಬಳಸೋ ಅನುಮತಿಯ ಸಮೇತ.

3. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಬೇಕು. ಚಿತ್ರ ಎಲ್ಲೆಲ್ಲಿ ಹೋಗುತ್ತೆ ಅಂತ ಅದರಲ್ಲಿರಬೇಕು. ಮಕ್ಕಳ ವಿಷಯದಲ್ಲಿ ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಕ್ಯಾಮೆರಾ ತೆರೆಯೋ ಹಾಗಿಲ್ಲ.

4. ಅಂತಿಮ ಮಾಡೋ ಮೊದಲು ಊರಲ್ಲಿ ತೋರಿಸಬೇಕು. "ಇದು ನನ್ನ ಮಾತಲ್ಲ, ತೆಗೀರಿ" ಅಂತ ಮಾತಾಡಿದವರು ಅಂದ್ರೆ ತೆಗೀಬೇಕು.

5. ಬೀಡಿ ಕಟ್ಟೋ ಹೆಂಗಸನ್ನ, ಕೂಲಿಗೆ ಹೋಗೋ ಗಂಡಸನ್ನ ದಿನಪೂರ್ತಿ ಕೂರಿಸಿಕೊಂಡ್ರೆ ಆ ದಿನದ ಕೂಲಿ ಕೊಡಬೇಕು. ಇದು ಮಾತಿಗೆ ಬೆಲೆ ಕಟ್ಟೋದಲ್ಲ. ಕ್ಯಾಮೆರಾಕ್ಕೆ ಬಾಡಿಗೆ ಇದೆ, ಡ್ರೈವರಿಗೆ ಬತ್ತೆ ಇದೆ; ಮನೆ ಬಾಗಿಲು ತೆರೆದವರು ಮಾತ್ರ ಕೂಲಿ ಕಳಕೊಂಡು ಕೂರಬೇಕಾ?

"ಇಷ್ಟೆಲ್ಲ ಷರತ್ತು ಹಾಕಿದ್ರೆ ನಮ್ಮೂರಿಗೆ ಯಾರೂ ಬರಲ್ಲ" ಅಂತ ಕೆಲವರು ಅಂತಾರೆ. ಪ್ರಾಮಾಣಿಕವಾಗಿ ಕೆಲಸ ಮಾಡೋ ಸಂಸ್ಥೆಗಳು, ಒಳ್ಳೆ ಚಿತ್ರ ತೆಗೆಯೋರು ಇದರಲ್ಲಿ ಎಷ್ಟೋ ಈಗಾಗಲೇ ಮಾಡ್ತಿದ್ದಾರೆ. ಅವರು ಬರ್ತಾರೆ, ಅವರಿಗೆ ಚಹಾ ನಮ್ಮದು. ಬರೀ ಕಣ್ಣೀರು ಬೇಕಾದವರು ಬರದಿದ್ರೆ ನಮಗೆ ನಷ್ಟ ಏನು?

ಗೆರೆ ಎಳೆದಾಗ ನಮ್ಮನ್ನ ಯಾರೂ ಕೇಳಲಿಲ್ಲ. ಚಿತ್ರ ತೆಗೆಯೋವಾಗಲಾದರೂ ಕೇಳಲೇಬೇಕು. ಮುಂದಿನ ಸಲ ನಿಮ್ಮೂರಿಗೆ ಕ್ಯಾಮೆರಾ ವ್ಯಾನ್ ಬಂದ್ರೆ ಚಾಪೆ ಹಾಸಿ, ನೀರು ಕೊಡಿ, ಆಮೇಲೆ ಮೂರು ಪ್ರಶ್ನೆ ಕೇಳಿ: ಯಾವ ಭಾಷೆಯಲ್ಲಿ? ಯಾವ ಕೆಲಸಕ್ಕೆ? ಮೂಲ ದೃಶ್ಯ ನಮಗೆ ಯಾವಾಗ? ಉತ್ತರ ಸರಿ ಬಂದ್ರೆ ಮಾತಾಡಿ. ಬರದಿದ್ರೆ ನಿಮ್ಮ ಮನೆಯ ಫೋನು ಕೈಗೆತ್ತಿಕೊಳ್ಳಿ, ನೀವೇ ಶುರು ಮಾಡಿ.

ಸಂಘದ ಮುಂದಿನ ಸಭೆಯಲ್ಲಿ ಇದನ್ನ ಓದಿ ಹೇಳಿ, ಚರ್ಚೆ ಮಾಡಿ. ಐದು ಷರತ್ತಿಗೆ ಆರನೆಯದು ಸೇರಿಸಬೇಕು ಅನಿಸಿದ್ರೆ ನಮಗೂ ತಿಳಿಸಿ.